ಬಾಟಲಿಯ ಮೇಲಿನ ಅಕ್ಷರ

ತೊಳೆದ ಬಾಟಲಿಯನ್ನೇ ಮತ್ತೆ ತೊಳೆಯುತ್ತಿದ್ದೇನೆಂದು ಅಮೀರ್ ಜಾನನಿಗೆ ಗೊತ್ತಾದದ್ದು ಮೂರನೆಯ ಸಲ. ಡಾಕ್ಟರ್ ಏಕಾಂತಯ್ಯನವರ ಕಾರು ಮಂಗಳೂರು ರಸ್ತೆ ಹಿಡಿದು ಹೋಗಿ ಕಾಲು ಗಂಟೆಯಾಗಿತ್ತೋ, ಬರೀ ಐದು ನಿಮಿಷವೋ. ಬೆಂಚಿನ ಮೇಲೆ ಕೆಮ್ಮುತ್ತ ಕೂತಿದ್ದ ಮುದುಕಿ ಲಿಂಗಮ್ಮ, ಡಾಕ್ಟರು ಬರುವ ತನಕ ಕೂತಿರಲೋ ಮನೆಗೆ ಹೋಗಲೋ ಎಂದು ಕೇಳಿದ್ದಕ್ಕೆ ಅವನು ಹ್ಞೂ ಅಂದಿದ್ದ. ಅವಳು ಅದನ್ನೇ ಉತ್ತರವೆಂದುಕೊಂಡು ಸೆರಗು ಹೊದ್ದು ಇನ್ನಷ್ಟು ಮುದುರಿ ಕೂತಿದ್ದಳು. ಇಪ್ಪತ್ತೆರಡು ವರ್ಷ ಕಾಂಪೌಂಡರ್ ಕೆಲಸ ಮಾಡಿದವನಿಗೆ ಕೈ ತನ್ನ ಪಾಡಿಗೆ ದುಡಿಯುತ್ತಿರುತ್ತದೆ, ತಲೆ ಎಲ್ಲೋ ಸುತ್ತಾಡಿಕೊಂಡು ಬರುತ್ತದೆ. ಇವತ್ತು ಬೆಳಿಗ್ಗೆ ಕೈ ಒಂದು ಕೆಲಸ ಮಾಡಿ ಮುಗಿಸಿಬಿಟ್ಟಿತ್ತು. ಡಾಕ್ಟರು ಬೀಗದ ಬೀರುವಿನಿಂದ ತೆಗೆದುಕೊಟ್ಟ ನೋವು ಮರೆಸುವ ಪೆಥಿಡಿನ್ ಸೂಜಿಮದ್ದಿನ ಎರಡು ಗಾಜಿನ ಆಂಪ್ಯೂಲುಗಳನ್ನು ಹತ್ತಿಯಲ್ಲಿ ಸುತ್ತಿ, ಸಿರಿಂಜಿನ ಡಬ್ಬಿಯ ಪಕ್ಕದಲ್ಲಿ ಒಡೆಯದ ಹಾಗೆ ಇಟ್ಟು, ಚೀಲದ ಬಕಲ್ ಬಿಗಿದು, ಕಾರಿನ ಸೀಟಿನ ಮೇಲೆ ಇಟ್ಟು ಬಾಗಿಲು ಹಾಕಿದ್ದು ಇದೇ ಕೈ.

ಆ ಚೀಲ ಹೋಗುತ್ತಿದ್ದದ್ದು ಮಾರನಹಳ್ಳಿಯ ಅಂಗಡಿ ಮಹಾದೇವಯ್ಯನ ಮನೆಗೆ. ಅವನ ಹೆಂಡತಿ ಜಗದಾಂಬ ಅಟ್ಟದಿಂದ ಹಿತ್ತಾಳೆ ಕೊಪ್ಪರಿಗೆ ಇಳಿಸಲು ಹೋಗಿ, ಏಣಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದುಕೊಂಡಿದ್ದಳು. ಅಂಗಡಿಯ ಆಳು ಭೂತಯ್ಯ ಬೆಳಗಿನ ಬಸ್ಸಿನಲ್ಲಿ ಬಂದು, ಅಮ್ಮಾವ್ರ ಕೂಗು ಕೇಳೋಕಾಗಲ್ಲ ಎಂದು ಹೇಳಿ ಡಾಕ್ಟರ ಜೊತೆಗೇ ಕಾರು ಹತ್ತಿದ್ದ. ಜಗದಾಂಬ ನಾಲ್ಕು ತಿಂಗಳಿಂದ ದಿನಕ್ಕೆ ಮೂರು ಹೊತ್ತು ಒಂದು ಮಾತ್ರೆ ನುಂಗುತ್ತಿದ್ದಳು. ಮನಸ್ಸು ಮಂಕಾದವರಿಗೆಂದು ಬೆಂಗಳೂರಿನ ಡಾಕ್ಟರು ಕೊಡುತ್ತಿದ್ದ ಹೊಸ ಮಾತ್ರೆ. ಅದು ಮೈಯಲ್ಲಿರುವಾಗ ಪೆಥಿಡಿನ್ ಚುಚ್ಚಿದರೆ ಮೈ ಒಲೆಯ ಹಾಗೆ ಕಾದು, ಸೆಟೆದುಕೊಂಡು, ಜೀವವೇ ಹೋಗಬಹುದು. ಇದು ಇಡೀ ಸಕಲೇಶಪುರದಲ್ಲಿ ಒಬ್ಬನಿಗೆ ಗೊತ್ತಿತ್ತು. ಆ ಮಹಾನುಭಾವ ಇಲ್ಲಿ ನಿಂತು ಬಾಟಲಿ ತೊಳೆಯುತ್ತಿದ್ದ.

ಶ್ರಾವಣ ಕಳೆದ ಮೇಲೆ ಒಂದು ದಿನ, ಡಾಕ್ಟರು ಊಟಕ್ಕೆ ಹೋಗಿದ್ದಾಗ ನೋಡಿಕೊಂಡೇ ಬಂದಿದ್ದ ಮಹಾದೇವಯ್ಯ. ಅಂಗಡಿಯಲ್ಲಿ ಗಿರಾಕಿಗಳನ್ನು ಗದರಿಸಿ ಮಾತಾಡುವ ಆಸಾಮಿ ಅವತ್ತು ಕಾಂಪೌಂಡರ್ ಎದುರು ಹೆಗಲ ವಸ್ತ್ರ ಕೈಗೆ ತೆಗೆದುಕೊಂಡು ನಿಂತಿದ್ದ. ಹೆಂಡತಿ ಮಳೆಗಾಲವೆಲ್ಲ ಒಲೆ ಮುಂದೆ ಕೂತು ಒಲೆ ಹಚ್ಚುವುದನ್ನೇ ಮರೆಯುತ್ತಿದ್ದದ್ದು, ಮಗಳು ತಲೆ ಬಾಚಲು ಬಂದರೆ ಗೋಡೆ ಕಡೆ ತಿರುಗಿ ಕೂರುತ್ತಿದ್ದದ್ದು, ನೆಂಟರ ಮನೆಗೆಂದು ಸುಳ್ಳು ಹೇಳಿ ಬೆಂಗಳೂರಿಗೆ ಕರೆದುಕೊಂಡು ಹೋದದ್ದು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದ. ಮಾತ್ರೆ ತಿಂಗಳು ತಿಂಗಳೂ ಅಂಚೆಯಲ್ಲಿ ಡಿಸ್ಪೆನ್ಸರಿಯ ವಿಳಾಸಕ್ಕೆ, ಅಮೀರ್ ಜಾನನ ಹೆಸರಿಗೆ ಬರಬೇಕು. ಡಾಕ್ಟರಿಗೆ ಮಾತ್ರ ತಿಳಿಯಬಾರದು. ಯಾಕೆಂದರೆ ಮಗಳು ದ್ರಾಕ್ಷಾಯಣಿಯನ್ನು ಡಾಕ್ಟರ ಅಕ್ಕನ ಮಗನಿಗೆ ಕೊಡುವ ಮಾತು ನಡೆಯುತ್ತಿತ್ತು. ತಾಯಿಗೆ ತಲೆ ಸರಿಯಿಲ್ಲವೆಂದು ಗೊತ್ತಾದರೆ ಮಗಳನ್ನು ಯಾರು ಒಪ್ಪುತ್ತಾರೆ? "ಸಾಬ್ರೇ, ನಿಮ್ಮನ್ನ ಬುಟ್ರೆ ಇದನ್ನ ಯಾರ ತಾವೂ ಹೇಳ್ಕೊಳಂಗಿಲ್ಲ" ಎಂದು ಮಹಾದೇವಯ್ಯ ಅವನ ಎರಡೂ ಕೈ ಹಿಡಿದುಕೊಂಡಿದ್ದ. ಆ ಹಿಡಿತ ಅಮೀರ್ ಜಾನನಿಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಡಾಕ್ಟರ ಬೀಗರಾಗುವವರು, ಸುತ್ತಲ ಹತ್ತು ಹಳ್ಳಿಯಲ್ಲಿ ಮರ್ಯಾದೆಯುಳ್ಳ ಮನುಷ್ಯ, ಡಾಕ್ಟರಿಗೆ ಹೇಳಲಾಗದ್ದನ್ನು ತನಗೆ ಹೇಳಿದ್ದರು.

ಮರುದಿನ ಅಮೀರ್ ಜಾನ್, ಮಹಾದೇವಯ್ಯ ಬಿಟ್ಟುಹೋಗಿದ್ದ ಬಾಟಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಬೆಂಗಳೂರಿನ ಲೇಬಲನ್ನು ಕಿತ್ತ. ಹೊಸ ಕಾಗದ ಕತ್ತರಿಸಿ, ಇಂಗ್ಲಿಷಿನಲ್ಲಿ ಕ್ಯಾಲ್ಸಿಯಂ ಎಂದು ಬರೆದು ಅಂಟಿಸಿದ. ಬರೆದು ದೂರ ಹಿಡಿದು ನೋಡಿದ ಕೂಡ. ಅವನ ದುಂಡಕ್ಷರ ಸಕಲೇಶಪುರದಲ್ಲಿ ಹೆಸರಾದದ್ದು. ಅಮೀರನ ಕೈಬರಹ ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ಡಾಕ್ಟರು ಎಸ್ಟೇಟಿನ ದೊರೆಗಳ ಎದುರಿಗೇ ಹೇಳುತ್ತಿದ್ದರು. ಬೆಂಗಳೂರಿನ ಡಾಕ್ಟರು ಕೊಟ್ಟಿದ್ದ ಒಂದು ಚೀಟಿಯೂ ಇತ್ತು, ಇಂಗ್ಲಿಷಿನಲ್ಲಿ. ಈ ಮಾತ್ರೆ ತಿನ್ನುವವರಿಗೆ ಏನೇನು ಕೊಡಬಾರದೆಂಬ ಪಟ್ಟಿ, ಕೆಳಗೆ ಎರಡು ಗೆರೆ ಎಳೆದು ಪೆಥಿಡಿನ್ ಎಂದು ಬರೆದದ್ದು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದರೆ ಮಹಾದೇವಯ್ಯ, ಯಾರಾದರೂ ಓದಿದರೆ ಕಷ್ಟ, ನಿಮ್ಮ ಹತ್ತಿರವೇ ಇರಲಿ ಅಂದಿದ್ದ. ಚೀನಾ ಯುದ್ಧದ ವರ್ಷ ಹೊಲಿಸಿದ ಕರಿ ಕೋಟಿನ ಒಳಜೇಬಿನಲ್ಲಿ ಅದು ಅಂದಿನಿಂದ ಕೂತಿತ್ತು. ಹೆಂಡತಿ ಬಿಲ್ಕಿಸ್ ಒಂದು ಸಲ ಕೋಟು ಒಗೆಯುವಾಗ ತೆಗೆದು, ಇದೇನು ಎಂದು ಕೇಳಿದಾಗ ಅವಳ ಮೇಲೂ ರೇಗಿದ್ದ.

ಗೊತ್ತಿದ್ದೂ ಬೆಳಿಗ್ಗೆ ಬಾಯಿ ಬಿಡಲಿಲ್ಲ ಯಾಕೆ? ಭೂತಯ್ಯ ಅಲ್ಲೇ ನಿಂತಿದ್ದನಲ್ಲ, ಅವನ ಮುಂದೆ ಹೇಳಿದರೆ ಊರಿಗೇ ಹೇಳಿದ ಹಾಗೆ. ಮಾತು ಕೊಟ್ಟಿದ್ದೆನಲ್ಲ. ಹೌದು, ಮಾತು ಕೊಟ್ಟದ್ದು ನಿಜ. ಆದರೆ ಇವತ್ತು ಚೀಲ ಕಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ಇನ್ನೊಂದು ನಡೆದಿತ್ತು. ಆಲೂರಿನ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳಿಗೆ ಡಾಕ್ಟರು ಬರೆದ ಔಷಧಿ ನೋಡಿ ಅಮೀರ್ ಜಾನ್, ಸಾರ್, ಇವರಿಗೆ ಹೋದ ಸಲ ಇದು ಆಗಿಬರಲಿಲ್ಲ ಎಂದು ನೆನಪು ಮಾಡಿದ್ದ. ಬೆಂಚಿನ ತುಂಬ ಜನ. ಡಾಕ್ಟರು ತಲೆಯೆತ್ತದೆ, "ನೀನು ಡಾಕ್ಟರೋ ನಾನು ಡಾಕ್ಟರೋ? ಹೇಳ್ಬುಡು, ಕುರ್ಚಿ ಬುಟ್ಕೊಡ್ತೀನಿ" ಅಂದರು. ಯಾರೋ ನಕ್ಕರು. ಆ ಹೆಂಗಸೂ ನಕ್ಕಳು, ಅವಳ ಒಳ್ಳೆಯದಕ್ಕೇ ಹೇಳಿದ್ದು. ಕಿವಿಯ ಬಿಸಿ ಆರುವ ಮೊದಲೇ ಭೂತಯ್ಯ ಬಂದಿದ್ದ, ಬೀರುವಿನ ಬಾಗಿಲು ತೆರೆದಿತ್ತು, ಆಂಪ್ಯೂಲು ಅಂಗೈಗೆ ಬಂದಿತ್ತು. ಹತ್ತಿ ಸುತ್ತುವಾಗ ಅವನ ಮನಸ್ಸಿಗೆ ಬಂದದ್ದು ಮಾರನಹಳ್ಳಿಯಲ್ಲ, ಮಾತು ಕೊಟ್ಟದ್ದಲ್ಲ. ಅವರೇ ತಾನೇ ಡಾಕ್ಟರು, ಅವರಿಗೇ ಗೊತ್ತಾಗಲಿ. ಅಷ್ಟೇ ಬಂದದ್ದು. ಅರ್ಧ ನಿಮಿಷ ಇರಬಹುದು, ಆ ಅರ್ಧ ನಿಮಿಷ ಅವನಿಗೆ ಖುಷಿಯಾಗಿತ್ತು. ಈಗ ಆ ಖುಷಿ ನೆನಪಿಗೆ ಬಂತು. ಕೈಯಲ್ಲಿದ್ದ ಬಾಟಲಿಯನ್ನು ತೊಟ್ಟಿಯಲ್ಲೇ ಬಿಟ್ಟು, ಕೋಟು ಹಾಕಿಕೊಂಡು, ಲಿಂಗಮ್ಮನಿಗೆ ಬಾಗಿಲು ನೋಡಿಕೊಳ್ಳಲು ಹೇಳಿ ರಸ್ತೆಗೆ ಬಂದ.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಕಾಫಿ ಕೊಯ್ಲಿನ ಕಾಲವಾದ್ದರಿಂದ ಚೀಲ ಹೇರಿಕೊಂಡು ಮಂಗಳೂರಿಗೆ ಇಳಿಯುವ ಲಾರಿಗಳಿಗೆ ಬರವಿರಲಿಲ್ಲ. ಎರಡು ನಿಲ್ಲದೆ ಹೋದವು. ಮೂರನೆಯದನ್ನು ಓಡಿಸುತ್ತಿದ್ದವನು ಪಕ್ಕದ ಬೀದಿಯ ಅಕ್ರಂ. ಚಾಚಾ, ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳಿ ಬಾಗಿಲು ತೆಗೆದ. ಮಾರನಹಳ್ಳಿಗೆ ಎಂದ ಅಮೀರ್ ಜಾನ್, ಅಷ್ಟಕ್ಕೇ ನಿಲ್ಲಿಸಿದ. ಅಕ್ರಂ ಮಾತಿನ ಮಲ್ಲ. ಹೊಸ ಟಯರಿನ ವಿಷಯ, ಘಟ್ಟದಲ್ಲಿ ಮೊನ್ನೆ ಅಡ್ಡ ಬಂದ ಆನೆಯ ವಿಷಯ, ತಂಗಿ ಫಹಮೀದಾಳ ನಿಕಾದ ವಿಷಯ ಒಂದಾದ ಮೇಲೊಂದು ತೆಗೆದ. ಅಮೀರ್ ಜಾನ್ ಎಲ್ಲಕ್ಕೂ ಸರಿ ಸರಿ ಅನ್ನುತ್ತ ರಸ್ತೆ ನೋಡುತ್ತಿದ್ದ. ಕೈ ಕೋಟಿನೊಳಗೆ ಹೋಗಿ ಚೀಟಿಯನ್ನು ಹಿಡಿದುಕೊಂಡಿತ್ತು. ಡಾಕ್ಟರು ಇಷ್ಟು ಹೊತ್ತಿಗೆ ತಲುಪಿರುತ್ತಾರೆಯೇ? ಒಂದು ವೇಳೆ ಏನೂ ಆಗದಿದ್ದರೆ? ಎಲ್ಲರಿಗೂ ಆಗಲೇಬೇಕೆಂದೇನೂ ಇಲ್ಲವಲ್ಲ. ತಾನು ಹೋಗಿ ಊರ ಮುಂದೆ ಹೇಳಿ, ಆಮೇಲೆ ಏನೂ ಆಗದಿದ್ದರೆ, ಆ ಹುಡುಗಿಯ ಮದುವೆ ಕೆಡಿಸಿದ ಪಾಪ ಯಾರದು? ಹೀಗೆ ಯೋಚಿಸುತ್ತಿದ್ದಾಗ, ಏನೂ ಆಗದಿರಲಿ ಎಂದು ತಾನು ಬೇಡುತ್ತಿರುವುದು ಜಗದಾಂಬಳಿಗಾಗಿ ಅಲ್ಲ ಎಂದು ಗೊತ್ತಾಗಿ ನಾಚಿಕೆಯಾಯಿತು. ಅವಳ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬರಲಿಲ್ಲ. ಅವಳನ್ನು ನೋಡಿದ್ದು ಒಂದೇ ಸಲ, ಅಂಗಡಿಯ ಒಳಬಾಗಿಲಲ್ಲಿ, ಬರೀ ಬಳೆಯ ಕೈ. ಬಾಟಲಿ ಈಸಿಕೊಂಡ ಕೈ.

ಆನೇಮಹಲಿನಲ್ಲಿ ಡಾಕ್ಟರ ಕಾರು ರಸ್ತೆ ಪಕ್ಕ ನಿಂತಿತ್ತು. ಪಾರ್ಶ್ವವಾಯು ಬಡಿದು ಮಲಗಿದ್ದ ಚಲುವಯ್ಯನ ಮನೆ ಅದು. ಆ ಕಡೆ ಹೋದಾಗಲೆಲ್ಲ ಡಾಕ್ಟರು ಎರಡು ನಿಮಿಷ ಇಳಿದು ನಾಡಿ ನೋಡುವುದು ವಾಡಿಕೆ. ಇವತ್ತೂ, ಅಲ್ಲೊಬ್ಬಳು ಕೂಗುತ್ತಿದ್ದರೂ, ವಾಡಿಕೆ ತಪ್ಪಿಸಿರಲಿಲ್ಲ. ಭೂತಯ್ಯ ಕಾರಿಗೆ ಒರಗಿ ಬೀಡಿ ಸೇದುತ್ತಿದ್ದ. ಚೀಲ ಕಾರಿನ ಕಿಟಕಿಯಲ್ಲಿ ಕಾಣುತ್ತಿತ್ತು. ನಿಲ್ಲಿಸು ಅನ್ನಬೇಕು, ಇಳಿಯಬೇಕು, ಡಾಕ್ಟರನ್ನು ಪಕ್ಕಕ್ಕೆ ಕರೆದು ಚೀಟಿ ತೋರಿಸಬೇಕು. ನೆಂಟರಿಲ್ಲ, ಊರಿಲ್ಲ, ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ಬೆಳಿಗ್ಗೆ ಚೀಲ ಕಟ್ಟುವಾಗ ನಾಲಗೆ ಎಲ್ಲಿತ್ತು ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ ಅವನು ನಿಲ್ಲಿಸು ಅನ್ನಲಿಲ್ಲ. ಮೊದಲು ಮಹಾದೇವಯ್ಯನಿಗೇ ಹೇಳುವುದು ಒಳ್ಳೆಯದು, ಅವನ ಹೆಂಡತಿ, ಅವನೇ ಹೇಳಲಿ ಎಂದು ಒಂದು ನೆವ ತಾನಾಗಿ ಸಿಕ್ಕಿತು. ಲಾರಿ ಮುಂದೆ ಹೋಯಿತು. ಅಕ್ರಂ, ಅದು ನಿಮ್ಮ ಡಾಕ್ಟರ ಕಾರಲ್ಲವೇ ಎಂದ. ಅಲ್ಲ ಅಂತ ಕಾಣುತ್ತೆ ಎಂದ ಅಮೀರ್ ಜಾನ್. ಆ ಸುಳ್ಳು ಯಾತಕ್ಕೆ ಬಂತೋ ಅವನಿಗೇ ತಿಳಿಯಲಿಲ್ಲ.

ಇನ್ನು ಎರಡು ಮೈಲಿ ಇರುವಾಗ ಇಂಜಿನ್ ಕಾಯಿತು. ಅಕ್ರಂ ಗುಡ್ಡದ ನೀರು ಬೀಳುವ ಕಡೆ ಲಾರಿ ನಿಲ್ಲಿಸಿ, ಡಬ್ಬಿ ಹಿಡಿದು ಇಳಿದು, ಮದುವೆಮನೆಯ ಅಡುಗೆಯವನ ಹಾಗೆ ನಿಧಾನವಾಗಿ ನೀರು ಹಿಡಿದ. ಆಗ ಹಿಂದಿನಿಂದ ಹಾರನ್ ಕೇಳಿತು. ಡಾಕ್ಟರ ಕಾರು ಧೂಳೆಬ್ಬಿಸಿಕೊಂಡು ಪಕ್ಕದಲ್ಲೇ ದಾಟಿ ಹೋಯಿತು. ಅಮೀರ್ ಜಾನ್ ಕೈಯೆತ್ತಿದ, ಸಾರ್ ಎಂದು ಕೂಗಿಯೂ ಕೂಗಿದ. ಇಪ್ಪತ್ತೆರಡು ವರ್ಷದಲ್ಲಿ ಡಾಕ್ಟರನ್ನು ಅವನು ಕೂಗಿ ಕರೆದದ್ದು ಅದೇ ಮೊದಲು. ಕಾರು ನಿಲ್ಲಲಿಲ್ಲ. ಅವನು ಅಕ್ರಂಗೆ ಏನೂ ಹೇಳದೆ ಓಡತೊಡಗಿದ. ಐವತ್ತರ ಹತ್ತಿರದ ದೇಹ, ಏರು ರಸ್ತೆ, ಕಾಲಿನ ಚಪ್ಪಲಿ ಒಂದು ಕಡೆ ಹೋಯಿತು. ಓಡುತ್ತ ಓಡುತ್ತ ಅವನಿಗೆ ಎಲ್ಲವೂ ಸರಳವಾಗಿ ಕಂಡಿತು: ಅವಳು ಸಾಯಬಾರದು. ಇದನ್ನು ಇಷ್ಟು ಹೊತ್ತು ಒಂದು ಸಲವೂ ಹೀಗೆ ನೆಟ್ಟಗೆ ಅಂದುಕೊಂಡಿರಲಿಲ್ಲ. ಲಾರಿ ಹಿಂದಿನಿಂದ ಬಂದು ಅವನನ್ನು ಹತ್ತಿಸಿಕೊಂಡಾಗ ಅಕ್ರಂ ಗೇರು ಬದಲಿಸುವುದರ ಮೇಲೇ ಇದ್ದ.

ಮಹಾದೇವಯ್ಯನ ಅಂಗಡಿಯ ಹಲಗೆ ಹಾಕಿತ್ತು. ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗುವಾಗ ಅವನಿಗೆ ಒಂದು ಕ್ಷಣ, ಈ ಮನೆಯ ಹೊಸ್ತಿಲು ದಾಟಿ ತಾನು ಯಾವತ್ತೂ ಒಳಗೆ ಬಂದಿಲ್ಲವಲ್ಲ ಅನ್ನಿಸಿತು. ಯಾರೂ ತಡೆಯಲಿಲ್ಲ. ನಡುಮನೆಯಲ್ಲಿ ಚಾಪೆಯ ಮೇಲೆ ಜಗದಾಂಬ ಮಲಗಿದ್ದಳು, ಒಂದು ಪಾದ ಹೊರಗಡೆಗೆ ತಿರುಗಿ ಬಿದ್ದಿತ್ತು. ಕಂಬದ ಹತ್ತಿರ ಡಾಕ್ಟರ ಅಕ್ಕ ಕಮಲಮ್ಮ ನಿಂತಿದ್ದರು. ಹೆಣ್ಣಿನ ಮನೆ ನೋಡಲು ಹಿಂದಿನ ದಿನವೇ ಬಂದಿದ್ದವರು. ಅವರ ಅಡುಗೆಗೆಂದೇ ಕೊಪ್ಪರಿಗೆ ಅಟ್ಟದಿಂದ ಇಳಿಯಬೇಕಾಗಿದ್ದದ್ದು. ಡಾಕ್ಟರು ಮೊಣಕಾಲೂರಿ ಕೂತು ಸಿರಿಂಜನ್ನು ಬೆಳಕಿಗೆ ಹಿಡಿದು ಗಾಳಿ ಹೊರಡಿಸುತ್ತಿದ್ದರು. ಸೂಜಿಯ ತುದಿಯಲ್ಲಿ ಒಂದು ಹನಿ ನಿಂತಿತ್ತು. ಅಮೀರ್ ಜಾನ್ ಏದುಸಿರು ಬಿಡುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಡಾಕ್ಟರಿಗೆ ಅವನನ್ನು ನೋಡಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಅನುಕೂಲವಾದ ಹಾಗೆ ಕಂಡಿತು. "ಬಂದ್ಯಾ, ಒಳ್ಳೇದಾಯ್ತು. ಈಯಮ್ಮ ಸೂಜಿ ಬ್ಯಾಡ ಅಂತ ಹಟ ಹಿಡಿದೈತೆ. ತಲೆಗೆ ಮಾತ್ರೆ ತಗೊಳ್ತಿದೀನಿ, ಬೆಂಗಳೂರಲ್ಲಿ ಈ ಸೂಜಿ ಕೂಡ್ದು ಅಂದವ್ರೆ ಅಂತಾಳೆ. ಬಾಟ್ಲಿ ತರಿಸಿ ನೋಡಿದ್ರೆ ಕ್ಯಾಲ್ಸಿಯಂ. ಅಕ್ಷರ ನಿಂದೇ ತಾನೆ?"

ಬಾಟಲಿ ಡಾಕ್ಟರ ಮೊಣಕಾಲಿನ ಪಕ್ಕದಲ್ಲಿತ್ತು. ದುಂಡಗೆ, ಎಲ್ಲಿಯೂ ಮಸಿ ಹರಡದೆ, ಅಷ್ಟು ದೂರದಿಂದಲೂ ಓದಬಹುದಾದ ಹಾಗೆ ಬರೆದದ್ದು. ಮಹಾದೇವಯ್ಯ ಹೆಂಡತಿಯ ತಲೆಯ ಹತ್ತಿರ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ನೋವಿಗೆ ಏನೇನೋ ಬಡಬಡಿಸುತ್ತಿದ್ದಾಳೆ ಎಂದು ಅವನೇ ಡಾಕ್ಟರಿಗೆ ಹೇಳಿದ್ದನಂತೆ, ಆಮೇಲೆ ತಿಳಿಯಿತು. ಒಂದೇ ಸಲಕ್ಕೆ ಏನಾಗುತ್ತದೆ ಎಂದು ಅವನೂ ಅಂದುಕೊಂಡಿದ್ದನೋ ಏನೋ. ಅವನ ಕಣ್ಣು ಅಮೀರ್ ಜಾನನನ್ನು ಬೇಡುತ್ತಿದ್ದವು. ಅವತ್ತು ಕೈ ಹಿಡಿದ ಹಾಗೆಯೇ ಈಗ ಕಣ್ಣಿನಿಂದ ಹಿಡಿದಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹುಡುಗಿ ದ್ರಾಕ್ಷಾಯಣಿ, ಕಂಬದ ಬಳಿ ಕಮಲಮ್ಮ. ಎಲ್ಲರೂ ಕಾಂಪೌಂಡರ್ ಹೇಳುವ ಒಂದು ಮಾತಿಗೆ ಕಾದಿದ್ದರು. ಜಗದಾಂಬ ಮಾತ್ರ ಅವನನ್ನು ನೋಡುತ್ತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಯಾರೂ ನಂಬದೆ ಹೋದ ಮೇಲೆ, ಅವಳು ಅಟ್ಟದ ತೊಲೆಯ ಕಡೆ ನೋಡುತ್ತ ಕೆಳದುಟಿ ಕಚ್ಚಿಕೊಂಡಿದ್ದಳು. ಅವಳನ್ನು ಹುಚ್ಚಿಯೆಂದೋ ಸುಳ್ಳಿಯೆಂದೋ ತೋರಿಸಿದ್ದು ತನ್ನ ಮುದ್ದಾದ ಅಕ್ಷರ.

"ಕ್ಯಾಲ್ಸಿಯಂ ಅಲ್ಲ ಸಾರ್" ಎಂದ ಅಮೀರ್ ಜಾನ್. "ಅಮ್ಮಾವ್ರು ಹೇಳಿದ್ದೇ ನಿಜ. ಲೇಬಲ್ಲು ನಾನೇ ಬದಲಾಯಿಸಿದ್ದು. ಬೆಳಿಗ್ಗೆ ಚೀಲ ಕಟ್ಟುವಾಗ್ಲೂ ನಂಗೆ ಗೊತ್ತಿತ್ತು."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ, ಅದು ತಾನಾಗಿ ಬಂತು. ಕೋಟಿನಿಂದ ಚೀಟಿ ತೆಗೆದು ಕೊಟ್ಟ. ಹಿಡಿದೂ ಹಿಡಿದೂ ಬೆವರಿಗೆ ಮೆತ್ತಗಾಗಿತ್ತು. ಡಾಕ್ಟರು ಓದಿದರು, ಇನ್ನೊಂದು ಸಲ ಓದಿದರು. ಸಿರಿಂಜು ಹಿಡಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿ, ಅದರಲ್ಲಿದ್ದದ್ದನ್ನು ಹತ್ತಿಯ ಮೇಲೆ ಖಾಲಿ ಮಾಡಿದರು. ಬೈಯುತ್ತಾರೆಂದು ಅಮೀರ್ ಜಾನ್ ಕಾದ, ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆಯೇ ಹೇಳೋಕೇನಾಗಿತ್ತು ಎಂದು ಶುರುಮಾಡಿದವರು ತಾವಾಡಿದ ಕುರ್ಚಿಯ ಮಾತು ನೆನಪಾದ ಹಾಗೆ ಅರ್ಧಕ್ಕೇ ನಿಲ್ಲಿಸಿ, ಚೀಟಿಯ ಕಡೆಗೇ ನೋಡುತ್ತ ಕೂತರು. ಕಮಲಮ್ಮ ಸೆರಗು ಸರಿಮಾಡಿಕೊಂಡು, ಸಕಲೇಶಪುರಕ್ಕೆ ಮಧ್ಯಾಹ್ನದ ಬಸ್ಸು ಎಷ್ಟು ಹೊತ್ತಿಗೆ ಎಂದು ಭೂತಯ್ಯನನ್ನು ಕೇಳಿದರು. ಮಹಾದೇವಯ್ಯ ಕಂಬಕ್ಕೆ ಒರಗಿ ಹಾಗೇ ಕುಸಿದು ಕೂತ. ಅವನು ಅಮೀರ್ ಜಾನನ ಕಡೆ ಮತ್ತೆ ನೋಡಲೇ ಇಲ್ಲ.

ಈ ಮಾತ್ರೆ ಇರುವಾಗ ಇನ್ನು ಯಾವ ನೋವಿನ ಸೂಜಿ ಹಾಕುವುದಕ್ಕೂ ತನಗೆ ಧೈರ್ಯವಿಲ್ಲ, ಕಾಲಿಗೆ ಹಲಗೆ ಕಟ್ಟಿ ಹಾಸನದ ದೊಡ್ಡಾಸ್ಪತ್ರೆಗೆ ಸಾಗಿಸಬೇಕು, ಚೀಟಿ ಜೊತೆಗೇ ಹೋಗಲಿ ಎಂದರು ಡಾಕ್ಟರು. ಹತ್ತಿರದ ಎಸ್ಟೇಟಿನ ವ್ಯಾನು ಕೇಳಿ ತರಲು ಭೂತಯ್ಯ ಓಡಿದ. ಕಾಲನ್ನು ನೆಟ್ಟಗೆ ಎಳೆದು ಹಿಡಿಯುವ ಕೆಲಸ ಯಾವತ್ತೂ ಕಾಂಪೌಂಡರನದು. ಅಮೀರ್ ಜಾನ್ ಅವಳ ಪಾದದ ಹತ್ತಿರ ಕೂತ. ಪಾದ ತಣ್ಣಗಿತ್ತು, ಕಾಲುಂಗುರ ಅವನ ಅಂಗೈಗೆ ಒತ್ತುತ್ತಿತ್ತು. ಸೂಜಿ ಇಲ್ಲದೆ ಇದನ್ನು ಎಳೆದರೆ ಗಂಡಸರೂ ಪ್ರಜ್ಞೆ ತಪ್ಪುತ್ತಾರೆಂದು ಅವನಿಗೆ ಗೊತ್ತಿತ್ತು. ಅಮ್ಮಾ, ನೋವಾಗುತ್ತೆ ಎಂದ. ಅವಳು ಆಗ ಅವನನ್ನು ನೋಡಿದಳು. ಬೆವರಿದ, ಅಗಲವಾದ ಮುಖ, ಕಣ್ಣುಗಳು ಎಲ್ಲರಿಗಿಂತ ಸ್ವಸ್ಥವಾಗಿದ್ದವು. ಎಳೀರಿ ಎಂದಳು. ಅವನು ಎಳೆದ. ಅವಳ ಕೂಗಿಗೆ ಅಂಗಡಿಯ ಹಲಗೆಗಳ ಆಚೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತುಬಿಟ್ಟರು. ಡಾಕ್ಟರು ಹಲಗೆ ಇಟ್ಟು ಬಟ್ಟೆ ಸುತ್ತಿ ಮುಗಿಸುವ ತನಕ ಅವನು ಪಾದವನ್ನು ಬಿಡದೆ ಹಿಡಿದಿದ್ದ, ಅಳುತ್ತಿದ್ದೇನೆಂಬುದು ಗಡ್ಡ ಒದ್ದೆಯಾದ ಮೇಲೆ ತಿಳಿಯಿತು.

ವ್ಯಾನು ಬರುವುದಕ್ಕೆ ಇನ್ನೂ ಹೊತ್ತಿತ್ತು. ಡಾಕ್ಟರು ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತಿದ್ದರು. ಜಗದಾಂಬ ಮಗಳನ್ನು ಕರೆದು ಬಾಟಲಿ ತರಿಸಿ ಎದೆಯ ಮೇಲೆ ಇಟ್ಟುಕೊಂಡು, "ಸಾಬ್ರೇ, ಇದನ್ನ ಕಿತ್ತಾಕಿ ಬೇರೆ ಬರೀರಿ" ಎಂದಳು. "ಕನ್ನಡ್ದಾಗೆ ಬರೀರಿ. ನಾನೇ ಓದ್ಕೊಬೇಕು. ಯಾರಾದ್ರೂ ಕೇಳಿದ್ರೆ ನಾನೇ ತೋರಿಸ್ಬೇಕು."

ಹಾಸನಕ್ಕೆ ಹೋಗುವ ಬಾಟಲಿಯ ಮೇಲೆ ಸುಳ್ಳು ಇರಬಾರದೆಂಬುದು ಇಷ್ಟು ವರ್ಷದ ಕಾಂಪೌಂಡರನಿಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆದಿತ್ತು. ಅವನು ಡಾಕ್ಟರ ಚೀಲದಿಂದ ಒಂದು ಹಾಳೆ ಹರಿದುಕೊಂಡ. ಗೋಂದು ಇರಲಿಲ್ಲ, ದ್ರಾಕ್ಷಾಯಣಿ ಅಂಟಿಸಲು ನಾಲ್ಕು ಅಗುಳು ಅನ್ನ ತಂದುಕೊಟ್ಟಳು, ಅವಳ ಕಣ್ಣು ಊದಿದ್ದವು. ಏನು ಬರೆಯಲಿ ಎಂದು ಕೇಳಿದ. ಜಗದಾಂಬ ಮುಚ್ಚುಮರೆಯಿಲ್ಲದೆ, ಗಂಡ ಕೇಳುವ ಹಾಗೆ, ಒಂದೊಂದೇ ಮಾತು ಹೇಳಿದಳು: ಮಾರನಹಳ್ಳಿ ಜಗದಾಂಬಂದು, ಮನಸಿನ ಮಾತ್ರೆ, ಪೆಥಿಡಿನ್ ಸೂಜಿ ಹಾಕಬಾರದು. ಅವನು ನೆಲದ ಮೇಲೆ ಹಾಳೆ ಇಟ್ಟು ಬರೆದ. ಕಾಲು ಹಿಡಿದು ಸೋತ ಬೆರಳುಗಳು ಮಾತು ಕೇಳಲಿಲ್ಲ, ಅಕ್ಷರ ಒಂದು ಮೇಲೆ ಒಂದು ಕೆಳಗೆ ಹೋಯಿತು. ಬೇರೆ ದಿನವಾಗಿದ್ದರೆ ಹರಿದು ಬಿಸಾಡುತ್ತಿದ್ದ. ಅಂಟಿಸಿ ಕೊಟ್ಟ. ಅವಳು ಬಾಟಲಿಯನ್ನು ಕಿಟಕಿಯ ಕಡೆ ತಿರುಗಿಸಿ, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ತುಟಿ ಅಲ್ಲಾಡಿಸುತ್ತ ಓದಿದಳು. ಕೊನೆಗೆ ಬಂದು ಬೆರಳು ನಿಂತಿತು.

"ಹಾಕಬಾರದು ಅನ್ನೋದು ಮಸಕಾಗ್ಬುಟ್ಟೈತೆ" ಎಂದಳು. "ಅದೊಂದು ಇನ್ನೊಂದ್ಸಲ ತಿದ್ದಿ, ಸಾಬ್ರೇ."

ಅಮೀರ್ ಜಾನ್ ಬಾಟಲಿಯನ್ನು ಅವಳ ಕೈಯಲ್ಲೇ ಇರಲು ಬಿಟ್ಟು, ಪಕ್ಕದಲ್ಲಿ ಬಗ್ಗಿ, ಆ ಮಾತನ್ನು ದಪ್ಪಗೆ ತಿದ್ದಿದ.